ಲೊಟ್ ಕಣಿವೆಯಲ್ಲಿ ಓಡುತ್ತಾ ನೀರು ಹುಡುಕಿದ್ದು

ನಾನು ಶಿರಸಿ ಕಡೆಯವಳು. ಗುಡ್ಡ ಎಂದರೆ ನನ್ನ ತಲೆಯಲ್ಲಿ ನೀರು. ಎಲ್ಲಿ ಹತ್ತಿದರೂ ಒಂದು ಹಳ್ಳವೋ ಅಬ್ಬಿಯೋ ಸಿಗಲೇಬೇಕು. ವಿಮಾನ ತಯಾರಿಕೆಯ ಕೆಲಸಕ್ಕೆಂದು ಫ್ರಾನ್ಸಿನ ತುಲೂಸ್‌ಗೆ ಬಂದು, ರಜೆಯ ದಿನಗಳಲ್ಲಿ ಲೊಟ್ ನದಿಯ ಕಣಿವೆಯಲ್ಲಿ ಓಡಲು ಶುರು ಮಾಡಿದಾಗಲೂ ಹಾಗೇ ಅಂದುಕೊಂಡಿದ್ದೆ. ಅದು ತಪ್ಪು ಅಂತ ಗೊತ್ತಾದ ಮೇಲೇ ನನಗೆ ಅಲ್ಲಿ ಓಡುವುದು ಬಂತು.

ತುಲೂಸ್‌ನಿಂದ ಬೆಳಗಿನ ರೈಲು ಹತ್ತಿದರೆ ಕಾವೊರ್ ಊರಿಗೆ ಸುಮಾರು ಒಂದೂಕಾಲು ಗಂಟೆ. ನದಿ ಈ ಊರನ್ನು ಮೂರು ಕಡೆಯಿಂದ ಸುತ್ತಿಕೊಂಡು ಹೋಗುತ್ತದೆ. ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ವಾಲಾಂತ್ರೆ ಸೇತುವೆ ಇದೆ. 1308ರಲ್ಲಿ ಕಟ್ಟಲು ಶುರು ಮಾಡಿದ್ದು, ಮೂರು ಎತ್ತರದ ಗೋಪುರಗಳು. ನನ್ನ ಮೊದಲ ಓಟ ಇಲ್ಲಿಂದಲೇ. ಸೇತುವೆ ದಾಟಿದ ಕೂಡಲೇ ಜಿ.ಆರ್. 65 ದಾರಿ ಬಂಡೆಗೆ ಒರಗಿಕೊಂಡು ಕಡಿದಾಗಿ ಏರುತ್ತದೆ. ಜಿ.ಆರ್. ಎಂದರೆ ಗುರುತು ಹಾಕಿ ಸಂಖ್ಯೆ ಕೊಟ್ಟಿರುವ, ದೂರದ ಕಾಲುದಾರಿ. ಸ್ಪೇನಿನ ಸಾಂತಿಯಾಗೊಗೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರಿಕರ ದಾರಿ ಇದು. ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡು ಹತ್ತುತ್ತಿದ್ದವರ ಮುಂದೆ ಒಂದು ನೀರಿನ ಬಾಟಲಿ ಹಿಡಿದ ನಾನೂ ನಡೆದೇ ಹತ್ತಿದೆ, ಓಡಲು ಆಗಲಿಲ್ಲ. ಮೇಲೆ ಕ್ರುವಾ ದ ಮಾನ್ಯ್ ಎಂಬ ಶಿಲುಬೆಯ ಹತ್ತಿರ ನಿಂತರೆ ಊರು, ಸೇತುವೆ, ನದಿಯ ತಿರುವು ಎಲ್ಲಾ ಒಂದೇ ನೋಟಕ್ಕೆ ಸಿಗುತ್ತವೆ.

ಅಂದು ಲೆಕ್ಕವೂ ತಪ್ಪಿತ್ತು. ತುಲೂಸ್‌ನ ಕಾಲುವೆ ದಂಡೆಯಲ್ಲಿ ಹತ್ತು ಕಿಲೋಮೀಟರನ್ನು ಒಂದು ಗಂಟೆಯ ಒಳಗೆ ಮುಗಿಸುತ್ತಿದ್ದೆ. ಇಲ್ಲಿ ಅಷ್ಟೇ ದೂರಕ್ಕೆ ಒಂದೂಮುಕ್ಕಾಲು ಗಂಟೆ ಬೇಕಾಯಿತು. ಗುಡ್ಡದಲ್ಲಿ ಓಡುವವರು ಪ್ರತಿ 100 ಮೀಟರ್ ಏರಿಗೆ ಒಂದು ಕಿಲೋಮೀಟರ್ ಕೂಡಿಸಿ ಲೆಕ್ಕ ಹಾಕುತ್ತಾರೆ. ಹತ್ತು ಕಿಲೋಮೀಟರ್ ದೂರ, 400 ಮೀಟರ್ ಏರು ಇದ್ದರೆ ಅದು ಹದಿನಾಲ್ಕು ಅಂತ. ಅವತ್ತಿನಿಂದ ನಾನೂ ಹಾಗೇ ಎಣಿಸುತ್ತೇನೆ. ಗಡಿಯಾರದ ವೇಗ ನೋಡುವುದನ್ನು ಬಿಟ್ಟೆ.

ನನಗೆ ತೀರಾ ಇಷ್ಟವಾದ ದಾರಿ ಮಾತ್ರ ಕಾವೊರ್‌ನದಲ್ಲ. ಅದು ನದಿಯ ಮೇಲ್ಭಾಗದಲ್ಲಿ, ಬಸ್ಸಿನಲ್ಲಿ ಇನ್ನೂ ಮುಂದೆ ಹೋದರೆ ಸಿಗುತ್ತದೆ. ತೂರ್-ದ-ಫೋರ್ ಹಳ್ಳಿಯಲ್ಲಿ ಇಳಿದು ಸೇತುವೆ ದಾಟಿ ಹತ್ತಿದರೆ ಸ್ಯಾಂ-ಸಿರ್-ಲಪೋಪಿ. ನದಿಯಿಂದ ಸುಮಾರು ನೂರು ಮೀಟರ್ ಎತ್ತರದ ಬಂಡೆಯ ಅಂಚಿನಲ್ಲಿ ಕೂತಿರುವ ಹಳ್ಳಿ ಅದು. ಕಲ್ಲಿನ ಮನೆಗಳು, ಕಡಿದಾದ ಕಂದು ಹೆಂಚಿನ ಮಾಡುಗಳು. ಬೇಸಿಗೆಯಲ್ಲಿ ಹತ್ತು ಗಂಟೆಯಾದರೆ ಪ್ರವಾಸಿಗರ ಜಾತ್ರೆ. ಮುಂಜಾನೆ ಬೇಗ ಹೋದರೆ ಬೀದಿಯಲ್ಲಿ ಬೆಕ್ಕುಗಳಷ್ಟೇ ಇರುತ್ತವೆ. ಹಾಗಾಗಿ ಹಿಂದಿನ ರಾತ್ರಿಯೇ ಹೋಗಿ ಹತ್ತಿರದಲ್ಲಿ ಉಳಿದುಕೊಳ್ಳುತ್ತೇನೆ.

ಅಲ್ಲಿಂದ ಜಿ.ಆರ್. 36ರ ಬಿಳಿ-ಕೆಂಪು ಗುರುತು ಹಿಡಿದು ನದಿಗೆ ಇಳಿಯಬೇಕು. ಇಳಿದ ಮೇಲೆ ಬೂಝಿಯೆಸ್ ಹಳ್ಳಿಯವರೆಗೆ ನೀರಿನ ಪಕ್ಕದಲ್ಲೇ ದಾರಿ, ಒಟ್ಟು ನಾಲ್ಕೈದು ಕಿಲೋಮೀಟರ್. ನಡುವೆ ಒಂದು ಕಡೆ ಬಂಡೆ ನೇರವಾಗಿ ನದಿಗೆ ಇಳಿದಿದೆ. ದಡವೇ ಇಲ್ಲ. ಅಲ್ಲಿ ಬಂಡೆಯ ಹೊಟ್ಟೆಯನ್ನೇ ಕೊರೆದು ದಾರಿ ಮಾಡಿದ್ದಾರೆ. ಹಿಂದೆ ಈ ನದಿಯಲ್ಲಿ ಸರಕಿನ ದೋಣಿಗಳು ಓಡಾಡುತ್ತಿದ್ದವು. ಕೆಳಕ್ಕೆ ದ್ರಾಕ್ಷಾರಸ, ಕಲ್ಲಿದ್ದಲು ಬೋರ್ದೊ ಕಡೆಗೆ ಹೋಗುತ್ತಿತ್ತು. ಮೇಲಕ್ಕೆ ಉಪ್ಪು ಬರುತ್ತಿತ್ತು. ಪ್ರವಾಹಕ್ಕೆ ಎದುರಾಗಿ ಬರುವ ದೋಣಿಯನ್ನು ದಡದಿಂದ ಹಗ್ಗ ಕಟ್ಟಿ ಎಳೆಯಬೇಕಿತ್ತು. ಎಳೆಯುವವರು ಕಾಲಿಡಲು ಜಾಗ ಬೇಕಲ್ವಾ? ಅದಕ್ಕಾಗಿ 1840ರ ದಶಕದಲ್ಲಿ ಕೊರೆದ ದಾರಿ ಇದು. ಆಮೇಲೆ ರೈಲು ಬಂತು, ದೋಣಿಗಳು ನಿಂತವು, ದಾರಿ ಉಳಿಯಿತು.

ಇಲ್ಲಿ ನಾನು ಓಡುವುದಿಲ್ಲ. ತಲೆಯ ಮೇಲೆ ಬಂಡೆ ಚಾಚಿಕೊಂಡಿದೆ, ಪಕ್ಕದಲ್ಲಿ ಹಸಿರು ನೀರು, ಕಾಲಡಿ ಸವೆದ ಕಲ್ಲು. ಮಳೆ ಬಂದರೆ ಜಾರುತ್ತದೆ. ನಡೆದಾಡುವವರೂ ಜಾಸ್ತಿ. ಗೋಡೆಯ ಒಂದು ಭಾಗದಲ್ಲಿ ಶಿಲ್ಪಿ ದಾನಿಯೆಲ್ ಮೊನಿಯೆ ಉಬ್ಬುಚಿತ್ರ ಕೆತ್ತಿದ್ದಾರೆ. ಮೀನು, ಚಿಪ್ಪು, ನೀರಿನ ಸುಳಿಗಳು. ಪ್ರತಿ ಸಲ ಅದರ ಮೇಲೆ ಕೈಯಾಡಿಸಿಕೊಂಡೇ ಮುಂದೆ ಹೋಗುವುದು. ಚಳಿಗಾಲದಲ್ಲಿ ನದಿ ತುಂಬಿದಾಗ ಈ ದಾರಿಯ ಮೇಲೂ ನೀರು ಬರುತ್ತದೆ. ಆಗ ಹೋಗಲೇಬಾರದು.

ಬೂಝಿಯೆಸ್‌ನ ಸೇತುವೆ ದಾಟಿದರೆ ಎದುರಿನ ಬಂಡೆಯ ಗುಹೆಯಲ್ಲಿ ಕಟ್ಟಿದ ಹಳೆಯ ಕೋಟೆಗೋಡೆ ಕಾಣುತ್ತದೆ. ಸ್ವಲ್ಪ ದೂರದಲ್ಲೇ ಲೊಟ್‌ಗೆ ಇನ್ನೊಂದು ನದಿ ಬಂದು ಸೇರುತ್ತದೆ. ಅದರ ಹೆಸರು ಸೆಲೆ. ಹೌದು, ಉಚ್ಚಾರ ನಮ್ಮ ಸೆಲೆಯ ಹಾಗೇ. ಮೊದಲ ಸಲ ಫಲಕದಲ್ಲಿ ಓದಿದಾಗ ಪರದೇಶದಲ್ಲಿ ಮನೆಯವರು ಸಿಕ್ಕಷ್ಟು ಖುಷಿಯಾಯಿತು. ಜಿ.ಆರ್. 651 ಈ ಸೆಲೆಯ ಕಣಿವೆಯನ್ನು ಹಿಡಿದು ಕಬ್ರರೆ ಹಳ್ಳಿಗೆ ಹೋಗುತ್ತದೆ, ಇನ್ನು ಐದಾರು ಕಿಲೋಮೀಟರ್. ಹಳ್ಳಿಯ ಮೇಲಿನ ಗುಡ್ಡದಲ್ಲೇ ಪೆಶ್ ಮೆರ್ಲ್ ಗುಹೆ. 1922ರಲ್ಲಿ ಹದಿಹರೆಯದ ಹುಡುಗರು ಕಂಡುಹಿಡಿದದ್ದು. ಚುಕ್ಕೆ ಕುದುರೆಗಳ ಚಿತ್ರ ಸುಮಾರು 29 ಸಾವಿರ ವರ್ಷ ಹಳೆಯದು. ಆದರೆ ನನ್ನನ್ನು ನಿಲ್ಲಿಸಿದ್ದು ಕುದುರೆಗಳಲ್ಲ. ಒಳಗಿನ ಗಟ್ಟಿಯಾದ ಕೆಸರಿನಲ್ಲಿ ಉಳಿದಿರುವ ಬರಿಗಾಲಿನ ಹೆಜ್ಜೆಗಳು, ಎಳೆಯ ವಯಸ್ಸಿನ ಯಾರದೋ. ಹಿಮ್ಮಡಿ, ಬೆರಳು ಎಲ್ಲಾ ಕಾಣುತ್ತವೆ. ಆವತ್ತು ಹನ್ನೆರಡು ಕಿಲೋಮೀಟರ್ ಓಡಿ ಬಂದಿದ್ದೆ, ನನ್ನ ಬೂಟಿನ ತುಂಬಾ ಅದೇ ಕಣಿವೆಯ ಮಣ್ಣು ಅಂಟಿತ್ತು. ದಿನಕ್ಕೆ ಇಂತಿಷ್ಟೇ ಜನರನ್ನು ಒಳಗೆ ಬಿಡುವುದರಿಂದ ಟಿಕೆಟ್ ಮೊದಲೇ ಕಾಯ್ದಿರಿಸಿಕೊಳ್ಳಿ.

ಈಗ, ಗುಡ್ಡ ಎಂದರೆ ನೀರು ಎಂಬ ನನ್ನ ಎಣಿಕೆ ತಪ್ಪಿದ ಆ ಜುಲೈ ದಿನದ ಮಾತು. ನದಿಯ ಪಕ್ಕದ ದಾರಿ ಸುಲಭವಾಯಿತು ಎನಿಸಿ, ಸ್ಯಾಂ-ಸಿರ್‌ನಿಂದ ಮೇಲಕ್ಕೆ ಹತ್ತಿ ಕೋಸ್ ಮೇಲೆ ಓಡಲು ಹೋದೆ. ಕೋಸ್ ಎಂದರೆ ಸುಣ್ಣಕಲ್ಲಿನ ಬಯಲು. ಕುಳ್ಳ ಓಕ್ ಮರಗಳು, ಜೂನಿಪರ್ ಪೊದೆ, ಕಲ್ಲು ಪೇರಿಸಿ ಕಟ್ಟಿದ ಉದ್ದುದ್ದ ಗೋಡೆಗಳು. ಕಣ್ಣ ಸುತ್ತ ಕಪ್ಪು ಬಳೆಯಿರುವ ಬಿಳಿ ಕುರಿಗಳು. ನೋಡಲು ತುಂಬಾ ಚೆಂದ. ನನ್ನ ಹತ್ತಿರ ಅರ್ಧ ಲೀಟರ್ ನೀರಿತ್ತು. ನಕ್ಷೆಯಲ್ಲಿ ಎರಡು ಕಣಿವೆ ಕಂಡಿದ್ದವು, ಅಲ್ಲಿ ತುಂಬಿಸಿಕೊಂಡರಾಯಿತು ಅಂದುಕೊಂಡೆ. ಮೊದಲ ಕಣಿವೆ ಒಣಗಿತ್ತು. ಎರಡನೆಯದೂ ಹಾಗೇ. ಬೇಸಿಗೆ ಅಂತಲ್ಲ, ಅಲ್ಲಿ ನೀರು ನಿಲ್ಲುವುದೇ ಇಲ್ಲ. ಸುಣ್ಣಕಲ್ಲು ಬಿರುಕು ಬಿರುಕಾಗಿ ಕರಗಿರುತ್ತದೆ. ಬಿದ್ದ ಮಳೆಯೆಲ್ಲಾ ಒಳಗೆ ಇಳಿದು, ನೆಲದಡಿ ಹರಿದು, ಎಲ್ಲೋ ಕೆಳಗೆ ನದಿಯ ಹತ್ತಿರ ಮೇಲೇಳುತ್ತದೆ. ಕಾವೊರ್‌ನಲ್ಲಿ ವಾಲಾಂತ್ರೆ ಸೇತುವೆಯ ಆಚೆ ದಡದಲ್ಲಿರುವ ಶಾರ್ತ್ರೊ ಬುಗ್ಗೆ ಅಂಥದ್ದೇ. ಊರಿಗೆ ಕುಡಿಯುವ ನೀರು ಅಲ್ಲಿಂದಲೇ. ನಾನು ಅದರ ಪಕ್ಕದಲ್ಲೇ ಓಡಿದ್ದೆ, ಆ ನೀರು ಎಲ್ಲಿಂದ ಬರುತ್ತದೆ ಅಂತ ಯೋಚಿಸಿರಲಿಲ್ಲ.

ಹನ್ನೊಂದು ಗಂಟೆಗೆ ಮೀನಖಂಡ ಹಿಡಿದುಕೊಂಡವು. ತಲೆ ಸುತ್ತಿತು. ಕುರುಬರು ಕಟ್ಟಿದ್ದ ಒಂದು ಪುಟ್ಟ ಕಲ್ಲಿನ ಗುಡಿಸಲು ಸಿಕ್ಕಿತು, ಒಳಗೆ ತಂಪಾಗಿತ್ತು. ಅರ್ಧ ಗಂಟೆ ಸುಮ್ನೆ ಕೂತೆ. ನಿಜವಾಗಿ ಹೆದರಿದ್ದೆ. ಆಮೇಲೆ ನಿಧಾನ ನಡೆದು ನಾಲ್ಕೈದು ಮನೆಗಳ ಊರೊಂದಕ್ಕೆ ಬಂದೆ. ಅಂಗಡಿ ಇಲ್ಲ, ಕಿಟಕಿಗಳೆಲ್ಲಾ ಮುಚ್ಚಿವೆ. ಊರಾಚೆ ಗೋಡೆ ಕಟ್ಟಿದ ಸ್ಮಶಾನದಲ್ಲಿ ಒಬ್ಬರು ಅಜ್ಜಿ ಹೂಗಿಡಗಳಿಗೆ ನೀರು ಹಾಕುತ್ತಿದ್ದರು. ನನ್ನ ಮುಖ ನೋಡಿದವರೇ ಬಾ ಅಂತ ಕೈ ಮಾಡಿ ಕರೆದು ನಲ್ಲಿ ತೋರಿಸಿದರು. ಕುಡಿಯಬಹುದಾ ಎಂದು ಕೇಳಿದೆ, ಧಾರಾಳವಾಗಿ ಅಂದರು.

ಒಂದು ಕ್ಷಣ ಕೈ ಹಿಂದೆ ಸರಿಯಿತು. ಮಸಣದ ನೀರನ್ನು ನಮ್ಮ ಕಡೆ ಯಾರು ಬಾಯಿಗೆ ಹಾಕುತ್ತಾರೆ? ಆಮೇಲೆ ಕುಡಿದೆ. ಮೂರು ಬಾಟಲಿ.

ಫ್ರಾನ್ಸಿನ ಹಳ್ಳಿಗಳಲ್ಲಿ ದೂರ ಓಡುವವರಿಗೆ, ಸೈಕಲ್ ಹೊಡೆಯುವವರಿಗೆ ಇದು ಹಳೇ ವಿಷಯವಂತೆ. ಸಮಾಧಿಯ ಹೂಗಳಿಗಾಗಿ ಸ್ಮಶಾನದಲ್ಲಿ ನಲ್ಲಿ ಇಟ್ಟಿರುತ್ತಾರೆ. ಈಗ ನಾನು ದಾರಿ ಹಾಕುವುದೇ ಹೀಗೆ. 1:25,000ರ ನಕ್ಷೆ ಹರಡಿಕೊಂಡು ಮೊದಲು ಸ್ಮಶಾನಗಳನ್ನು ಹುಡುಕುತ್ತೇನೆ, ಆಮೇಲೆ ಅವುಗಳನ್ನು ಜೋಡಿಸುವ ಕಾಲುದಾರಿಗಳನ್ನು. ಕುಡಿಯುವ ನೀರಲ್ಲ ಎಂಬ ಫಲಕ ಇದ್ದರೆ ತಲೆ ಒದ್ದೆ ಮಾಡಿಕೊಳ್ಳಲು ಮಾತ್ರ ಬಳಸುತ್ತೇನೆ. ಚಳಿಗಾಲದಲ್ಲಿ ಪೈಪು ಹೆಪ್ಪುಗಟ್ಟದಿರಲಿ ಎಂದು ಎಷ್ಟೋ ಕಡೆ ನಲ್ಲಿ ಬಂದ್ ಮಾಡುತ್ತಾರೆ. ಹಾಗಾಗಿ ಬೆನ್ನಿಗೆ ಒಂದೂವರೆ ಲೀಟರ್ ಯಾವಾಗಲೂ ಇರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕೋಸ್ ಮೇಲೆ ಹತ್ತುವುದೇ ಇಲ್ಲ. ಏಪ್ರಿಲ್, ಮೇ ಚೆನ್ನ. ಅಕ್ಟೋಬರ್ ಇನ್ನೂ ಚೆನ್ನ. ಬೆಳಿಗ್ಗೆ ಕಣಿವೆ ತುಂಬಾ ಮಂಜು ಕೂತಿರುತ್ತದೆ, ಅದರೊಳಗಿಂದ ಹತ್ತಿ ಬಿಸಿಲಿಗೆ ಬಂದರೆ ಕೆಳಗೆ ನದಿಯ ಬದಲು ಬಿಳಿ ಮಂಜು ಹರಿಯುತ್ತಿರುತ್ತದೆ. ಆದರೆ ಅದು ಬೇಟೆಯ ಕಾಲವೂ ಹೌದು. ದಾರಿಯಲ್ಲಿ ಬೇಟೆ ನಡೆಯುತ್ತಿದೆ ಎಂಬ ಫಲಕ ಕಂಡರೆ ಹಿಂದಿರುಗಿ. ಕಿತ್ತಳೆ ಬಣ್ಣದ ಅಂಗಿ ಹಾಕಿಕೊಳ್ಳಿ.

ಕಳೆದ ನವೆಂಬರ್ 1ರಂದು ಅದೇ ಸ್ಮಶಾನಕ್ಕೆ ಓಡಿಕೊಂಡು ಹೋಗಿದ್ದೆ. ಫ್ರಾನ್ಸಿನಲ್ಲಿ ಹಿರಿಯರ ಸಮಾಧಿಗೆ ಹೂವಿಡುವ ದಿನಗಳು ಅವು. ಪ್ರತಿ ಕಲ್ಲಿನ ಮೇಲೂ ಸೇವಂತಿಗೆ ಕುಂಡಗಳು, ಹಳದಿ, ಬಿಳಿ, ಕೆನ್ನೇರಳೆ. ಅಜ್ಜಿ ಅಲ್ಲೇ ಇದ್ದರು. ನೀರಿನ ಡಬ್ಬಿ ಎತ್ತಲು ಕಷ್ಟಪಡುತ್ತಿದ್ದರು. ನಾನು ತುಂಬಿಸಿ ತಂದು ಕೊಟ್ಟೆ. ನಾಲ್ಕು ಡಬ್ಬಿ ಆಯಿತು. ಆಮೇಲೆ ನನ್ನ ಬಾಟಲಿ ತುಂಬಿಸಿಕೊಂಡು ನದಿಯ ಕಡೆಗೆ ಇಳಿದೆ.