ನೈಟ್ರೋಜನ್ ಗ್ಯಾಸಲ್ಲೇ ಪ್ರೆಷರ್ ಕೊಟ್ಟು ಕಾಯಿಲ್ ನಿಲ್ಲಿಸಿದೆ: ನನ್ನ ಅನುಭವ

ಫಾಲ್ಟ್ ಕರೆಂಟ್ ಲಿಮಿಟರ್ (ಶಾರ್ಟ್ ಆದಾಗ ನುಗ್ಗೋ ಕರೆಂಟ್ ತಡೆಯೋ ಸಾಧನ) ಕಾಯಿಲ್, ಅಂದ್ರೆ ಲಿಕ್ವಿಡ್ ನೈಟ್ರೋಜನಲ್ಲಿ ಮುಳುಗಿಸಿದ ಸೂಪರ್‌ಕಂಡಕ್ಟರ್ ಟೇಪಿನ ಸುರುಳಿ, ಅದರ ಹಿಂದೆ ಬಿದ್ದು ಒಂದೂವರೆ ವರ್ಷ ಆಯ್ತು, ಮೊನ್ನೆ ಕೊನೆಗೂ ಸತತ 40 ಕ್ವೆಂಚ್ (ಟೇಪ್ ಸೂಪರ್‌ಕಂಡಕ್ಟರ್ ಗುಣ ಕಳ್ಕೊಂಡು ಕಾಯೋದು) ತಡ್ಕೊಂತು, ಒಂದ್ಸಲಾನೂ ಫ್ಲಾಶ್ (ಇನ್ಸುಲೇಷನ್ ದಾಟಿ ಕಿಡಿ ಹಾರೋದು) ಆಗ್ಲಿಲ್ಲ. "ಲಿಕ್ವಿಡ್ ನೈಟ್ರೋಜನ್ ಮೇಲೆ ಪ್ರೆಷರ್‌ಗೆ ನೈಟ್ರೋಜನ್ ಗ್ಯಾಸೇ ಬಿಟ್ರೆ ಅದು ದ್ರವ ಆಗಿ ಲಿಕ್ವಿಡ್ ಬಿಸಿ ಮಾಡುತ್ತೆ, ಹೀಲಿಯಮ್ಮೇ ಬೇಕು" ಅಂದೋರು ಜಾಸ್ತಿ, ಅವರಿಗೋಸ್ಕರ ಬರೀತಿದೀನಿ.

ಸುಮ್ನೆ ನಿಂತಿರೋ ಲಿಕ್ವಿಡ್ ನೈಟ್ರೋಜನ್ ಇನ್ಸುಲೇಷನ್ನಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಕಮ್ಮಿಯೇನಿಲ್ಲ, 2 ಮಿಮೀ ಗ್ಯಾಪ್ ನಮಗೆ 30 ಕೆವಿ ಆಸುಪಾಸು ತಡ್ಕೊಳ್ತಿತ್ತು. ಕೆಡಿಸೋದು ಗುಳ್ಳೆ. ಲಿಮಿಟರಲ್ಲಿ ಕಾಯಿಲ್ ಮೇಲೆ ವೋಲ್ಟೇಜ್ ಬರೋದೇ ಟೇಪ್ ಕ್ವೆಂಚ್ ಆದಾಗ, ಅದೇ ಗಳಿಗೇಲಿ ಟೇಪ್ ಕಾದು ಗುಳ್ಳೆ ಎದ್ದು ಸುತ್ತುಗಳ ಸಂದಿಲಿ ಸಿಕ್ಕಾಕ್ಕೊಳ್ಳುತ್ತೆ. ಹೀಟರ್ ಹಾಕಿ ಕುದಿಸಿ ನೋಡ್ದೆ, ಅದೇ ಗ್ಯಾಪು 14-15 ಕೆವಿಗೇ ಹೋಯ್ತು.

ಹಾಗಾಗಿ ಲಿಕ್ವಿಡ್ ಕುದಿಯೋ ಮಟ್ಟಕ್ಕಿಂತ ತಣ್ಣಗಿರ್ಲಿ ಅಂತ ವ್ಯಾಕ್ಯೂಮ್ ಪಂಪ್ ಹಾಕಿ 77 ಕೆಲ್ವಿನ್‌ನಿಂದ 67ಕ್ಕೆ ಇಳಿಸ್ದೆ. ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿನೇ ಆವಿಯಾಗಿ ಹೋಗುತ್ತೆ, ಲೀಟರ್‌ಗೆ 50 ರೂಪಾಯಿ ಲೆಕ್ಕದಲ್ಲಿ ಹೊಟ್ಟೆ ಉರಿಯುತ್ತೆ. ಅವಸರದಲ್ಲಿ ಪಂಪ್ ಓಡ್ತಿರೋವಾಗಲೇ ಎಚ್‌ವಿ (ಹೈ ವೋಲ್ಟೇಜ್) ಕೊಟ್ಟೆ, ಮೇಲಿನ ತೆಳು ಗ್ಯಾಸಲ್ಲಿ 3 ಕೆವಿಗೇ ಬುಶಿಂಗ್ (ವೈರನ್ನ ಮುಚ್ಚಳದ ಮೂಲಕ ಒಳಗೆ ತರೋ ಇನ್ಸುಲೇಟರ್) ಫ್ಲಾಶ್ ಆಯ್ತು. ಪ್ರೆಷರ್ ವಾಪಸ್ ಬರೋ ತನಕ ಸ್ವಿಚ್ ಮುಟ್ಟಲೇಬಾರದು.

ಆಮೇಲೆ ಗುಳ್ಳೆ ಅದುಮೋ ಪ್ರೆಷರ್‌ಗೆ ಎಲ್ಲರ ಮಾತು ಕೇಳಿ ಹೀಲಿಯಮ್ ಸಿಲಿಂಡರ್ ತಂದು 3 ಬಾರ್ ಕೊಟ್ಟೆ. ಲಿಕ್ವಿಡ್ ಒಳಗೆ ಎಲ್ಲ ಚೆನ್ನಾಗಿತ್ತು, ಆದ್ರೆ ಬುಶಿಂಗ್‌ನ ಮೇಲ್ಭಾಗ ಇರೋದು ಗ್ಯಾಸಲ್ಲಿ, ಹೀಲಿಯಮ್ ಇನ್ಸುಲೇಷನ್ನಿಗೆ ತುಂಬಾ ಬಡಕಲು. ಬುಶಿಂಗ್ ಬಿರುಕು ಬಿಡ್ತು, 18 ಸಾವಿರ ಹೋಯ್ತು, ಹೀಲಿಯಮ್ ದುಡ್ಡು ಬೇರೆ.

ಜರ್ಮನಿಯ ಎಸ್ಸೆನ್‌ನಲ್ಲಿ 2014ರಿಂದ ಓಡಿದ 10 ಕೆವಿ, 1 ಕಿಮೀ ಸೂಪರ್‌ಕಂಡಕ್ಟರ್ ಕೇಬಲ್‌ಗೂ ಪ್ರೆಷರ್ ಕೊಟ್ಟು ತಣಿಸಿದ ನೈಟ್ರೋಜನ್ನೇ ಹರಿಸ್ತಿದ್ರು, ಅದು ಧೈರ್ಯ ಕೊಡ್ತು, ಹೀಲಿಯಮ್ ಬಿಟ್ಟು ನೈಟ್ರೋಜನ್ ಗ್ಯಾಸಲ್ಲೇ 3 ಬಾರ್ ಕೊಟ್ಟೆ. 3 ಬಾರಲ್ಲಿ ಕುದಿಯೋದು 88 ಕೆಲ್ವಿನ್‌ಗೆ, ಅಂದ್ರೆ 67ರ ಲಿಕ್ವಿಡ್‌ಗೆ 20 ಡಿಗ್ರಿ ಜಾಗ ಸಿಗುತ್ತೆ, ಎದ್ದ ಗುಳ್ಳೆ ಅಲ್ಲೇ ಕುಗ್ಗಿ ಮಾಯ. ಗ್ಯಾಸ್ ಪೈಪಿನ ಬಾಯಿ ಮುಚ್ಚಳದ ಕಡೆ ತಿರುಗಿಸಿ ನಿಧಾನಕ್ಕೆ ಬಿಟ್ಟೆ, ಲಿಕ್ವಿಡ್ ಮೇಲೆ ಒಂದು ತೇಲೋ ಹಾಳೆ ಇಟ್ಟೆ. ಬಿಸಿ ಪದರ ಮೇಲಿನ 5-6 ಸೆಂಟಿಮೀಟರಲ್ಲೇ ನಿಂತಿತು, ಕಾಯಿಲ್ ಹತ್ರ ಮೂರು ಗಂಟೆ ಆದ್ರೂ 70 ದಾಟ್ಲಿಲ್ಲ. ಆ ಹಾಳೆ ಯಾವುದರದ್ದು, ಅಂಚು ಹೇಗೆ ಕೊರೆದೆ ಅನ್ನೋದನ್ನ ಸದ್ಯಕ್ಕೆ ನನ್ ಹತ್ರಾನೇ ಇಟ್ಕೊಳ್ತೀನಿ.

ಮಧ್ಯೆ ಅರಾಲ್ಡೈಟ್ ಬಳಿದ ಒಂದು ಕಾಯಿಲ್ ಕೂಡ ಮುಳುಗಿಸಿದ್ದೆ, ಎರಡನೇ ಸಲಕ್ಕೇ ಕೂದಲೆಳೆ ಬಿರುಕು. ಕ್ಯಾಪ್ಟಾನ್ (ಇನ್ಸುಲೇಷನ್ ಪ್ಲಾಸ್ಟಿಕ್) ಟೇಪು ಅರ್ಧಕ್ಕರ್ಧ ಮೇಲೆ ಮೇಲೆ ಸುತ್ತಿದ್ದು ಮಾತ್ರ ಇವತ್ತಿಗೂ ಹಾಗೇ ಇದೆ, ಆ 40 ಕ್ವೆಂಚ್ ತಿಂದಿದ್ದು ಅದೇ ಕಾಯಿಲ್.