ಹೊಸ ನಿಯಮ ರೋಗಿಯ ಹಾಸಿಗೆಯವರೆಗೆ: ಮಿದುಳು ಪುನಶ್ಚೇತನ ಕೇಂದ್ರಗಳಿಗೊಂದು ಮಾರ್ಗದರ್ಶಿ

ಮಿದುಳಿಗೆ ಪೆಟ್ಟು ಬಿದ್ದವರಿಗೆ ಪುನಶ್ಚೇತನ ಸೇವೆ ಒದಗಿಸುವ ಯಾವುದೇ ಕೇಂದ್ರಕ್ಕೆ ವರ್ಷವಿಡೀ ಸುತ್ತೋಲೆಗಳು, ಮಾರ್ಗಸೂಚಿಗಳು, ಪಾವತಿಯ ಷರತ್ತುಗಳು, ಪರಿಷ್ಕೃತ ನಮೂನೆಗಳು ಬರುತ್ತಲೇ ಇರುತ್ತವೆ. ಬಂದದ್ದನ್ನು ಎಲ್ಲರಿಗೂ ರವಾನಿಸಿ, ಓದಿದ್ದೇವೆ ಎಂಬ ಸಹಿ ಪಡೆದು, ಕಡತಕ್ಕೆ ಸೇರಿಸಿಬಿಟ್ಟರೆ ಕೆಲಸ ಮುಗಿಯಿತು ಎಂದು ಭಾವಿಸುವ ರೂಢಿ ಬಹಳ ಕಡೆ ಇದೆ. ತಪಾಸಣೆಗೆ ಬಂದವರಿಗೆ ತೋರಿಸಲು ಅಷ್ಟು ಸಾಕಾಗಬಹುದು, ಆದರೆ ವಾರ್ಡಿನಲ್ಲಿ ಮಾರನೆಯ ದಿನವೂ ಹಳೆಯ ಪದ್ಧತಿಯೇ ನಡೆಯುತ್ತಿರುತ್ತದೆ. ಯಾವ ರೋಗಿಗೆ, ಯಾವ ದಿನದಿಂದ, ಯಾವ ಹಾಳೆಯಲ್ಲಿ ಏನು ಬದಲಾಗುತ್ತದೆ ಎಂದು ಹೇಳಲು ಸಾಧ್ಯವಾಗದಿದ್ದರೆ ಆ ಬದಲಾವಣೆ ಜಾರಿಗೆ ಬಂದಿಲ್ಲವೆಂದೇ ತಿಳಿಯಬೇಕು. ಮುಂದಿನ ಸೂಚನೆಗಳೆಲ್ಲ ಈ ಒಂದು ಪ್ರಶ್ನೆಯನ್ನು ಆಧರಿಸಿವೆ.

ಬಂದದ್ದು ಯಾರಿಂದ, ಅದರ ತೂಕವೆಷ್ಟು

ಮೊದಲು ಬಂದ ಕಾಗದದ ಮೂಲವನ್ನು ಗುರುತಿಸಿಕೊಳ್ಳಬೇಕು. ಕಾನೂನು ಅಥವಾ ನಿಯಂತ್ರಣ ಸಂಸ್ಥೆಯ ಆದೇಶವನ್ನು ಪಾಲಿಸದೆ ಗತ್ಯಂತರವಿಲ್ಲ. ಚಿಕಿತ್ಸೆಯ ಹಣ ಪಾವತಿಸುವ ವಿಮಾ ಸಂಸ್ಥೆ ಅಥವಾ ಸರ್ಕಾರಿ ಯೋಜನೆಯ ಷರತ್ತನ್ನು ಪಾಲಿಸದಿದ್ದರೆ ಬಿಲ್ಲು ತಿರಸ್ಕೃತವಾಗುತ್ತದೆ. ವೈದ್ಯಕೀಯ ಮಾರ್ಗಸೂಚಿ ಕಡ್ಡಾಯವಲ್ಲದಿದ್ದರೂ, ಅದನ್ನು ಬಿಟ್ಟು ನಡೆದಾಗ ಕಾರಣವನ್ನು ಕಡತದಲ್ಲಿ ಬರೆದಿಡುವುದು ಚಿಕಿತ್ಸಕರ ಹೊಣೆ. ಇನ್ನು ಅಂತರರಾಷ್ಟ್ರೀಯ ಮಟ್ಟದ ನೀತಿ ಹೇಳಿಕೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆರಂಭಿಸಿದ ‘ರಿಹ್ಯಾಬಿಲಿಟೇಶನ್ 2030’ ಕಾರ್ಯಕ್ರಮ, ಆರೋಗ್ಯ ವ್ಯವಸ್ಥೆಯಲ್ಲಿ ಪುನಶ್ಚೇತನವನ್ನು ಬಲಪಡಿಸಬೇಕೆಂದು 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಕೈಗೊಂಡ ನಿರ್ಣಯ, ಅದೇ ವರ್ಷ ಹೊರಬಂದ, ಮಿದುಳಿನ ಗಾಯವೂ ಸೇರಿ 20 ಆರೋಗ್ಯ ಸ್ಥಿತಿಗಳಿಗೆ ಬೇಕಾದ ಚಿಕಿತ್ಸೆಗಳ ಸಂಪುಟ ಈ ಬಗೆಯವು. ಇವುಗಳಿಂದ ನಾಳೆಯ ವೇಳಾಪಟ್ಟಿ ಬದಲಾಗುವುದಿಲ್ಲ. ಸಿಬ್ಬಂದಿಯ ಹುದ್ದೆಗಾಗಿ, ಅನುದಾನಕ್ಕಾಗಿ ಬರೆಯುವ ಮನವಿಗೆ ಮಾತ್ರ ಇವು ಗಟ್ಟಿಯಾದ ಆಧಾರ ಒದಗಿಸುತ್ತವೆ, ಆದ್ದರಿಂದ ಇವುಗಳ ಜಾಗ ಆಡಳಿತಾಧಿಕಾರಿಯ ಮೇಜು. ನರ್ಸ್‌ಗಳ ಕೊಠಡಿಯ ಗೋಡೆಗೆ ಇವನ್ನು ಅಂಟಿಸಿ ಪ್ರಯೋಜನವಿಲ್ಲ.

ಮೂಲ ಗೊತ್ತಾದ ಮೇಲೆ ಒಬ್ಬರನ್ನು ಹೆಸರಿಸಿ ಓದಲು ಒಪ್ಪಿಸಬೇಕು. ಎಲ್ಲರಿಗೂ ಕಳುಹಿಸಿದ ಕಾಗದವನ್ನು ಯಾರೂ ಪೂರ್ತಿ ಓದುವುದಿಲ್ಲ. ಓದುವವರು ಜಾರಿಯ ದಿನಾಂಕ, ಅನ್ವಯವಾಗುವ ರೋಗಿಗಳು, ಕಡ್ಡಾಯ ಭಾಗ ಮತ್ತು ಸಲಹೆಯ ಭಾಗಗಳನ್ನು ಗುರುತು ಹಾಕಿಕೊಳ್ಳುವುದರ ಜೊತೆಗೆ, ಏನನ್ನು ನಿಲ್ಲಿಸಬಹುದು ಎಂಬುದನ್ನೂ ಹುಡುಕಬೇಕು. ಈ ಕೊನೆಯದನ್ನು ಮರೆಯುವವರೇ ಹೆಚ್ಚು. ಅಮೆರಿಕದ ಸರ್ಕಾರಿ ಆರೋಗ್ಯ ವಿಮಾ ಯೋಜನೆಯಾದ ಮೆಡಿಕೇರ್, ಒಳರೋಗಿ ಪುನಶ್ಚೇತನಕ್ಕೆ ದಾಖಲಾದ ಬಳಿಕ ವೈದ್ಯರು ಮಾಡಬೇಕಿದ್ದ ಪ್ರತ್ಯೇಕ ಮೌಲ್ಯಮಾಪನದ ಕಡ್ಡಾಯವನ್ನು 2020ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿತು. ಇಂತಹ ಸಡಿಲಿಕೆಯನ್ನು ಗಮನಿಸದ ಕೇಂದ್ರ ಯಾರೂ ಕೇಳದ ನಮೂನೆಯನ್ನು ವರ್ಷಗಟ್ಟಲೆ ತುಂಬುತ್ತಾ ಹೋಗುತ್ತದೆ, ಹೊಸ ನಮೂನೆಗಳು ಅದರ ಮೇಲೆ ಹೇರಿಕೆಯಾಗುತ್ತವೆ.

ಮಾರ್ಗಸೂಚಿಯನ್ನು ದಿನಚರಿಗೆ ಇಳಿಸುವುದು

ಮಿದುಳಿನ ಗಾಯದ ನಂತರದ ಅರಿವಿನ ತೊಂದರೆಗಳ ಚಿಕಿತ್ಸೆಗೆ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ‘ಇನ್‌ಕಾಗ್’ ಹೆಸರಿನ ಶಿಫಾರಸುಗಳನ್ನು 2014ರಲ್ಲಿ ಪ್ರಕಟಿಸಿ, 2023ರಲ್ಲಿ ಪರಿಷ್ಕರಿಸಿತು. ಇದರಲ್ಲಿ ಆಘಾತೋತ್ತರ ವಿಸ್ಮೃತಿಯ ಭಾಗವನ್ನು ಉದಾಹರಣೆಯಾಗಿ ನೋಡಬಹುದು. ಪ್ರಜ್ಞೆ ಮರಳಿದ್ದರೂ ಗೊಂದಲದಲ್ಲಿದ್ದು, ಹೊಸದಾಗಿ ನಡೆದದ್ದು ನೆನಪಿನಲ್ಲಿ ನಿಲ್ಲದ ಈ ಹಂತದಲ್ಲಿ ಕಲಿಸುವುದು ವ್ಯರ್ಥ, ವಿಸ್ಮೃತಿ ಮುಗಿಯುವವರೆಗೆ ಕಾಯಬೇಕು ಎಂಬ ತಿಳಿವಳಿಕೆ ಬಹುಕಾಲ ಇತ್ತು. ಸ್ನಾನ, ಹಲ್ಲುಜ್ಜುವುದು, ಬಟ್ಟೆ ತೊಡುವುದು ಮುಂತಾದ ದೈನಂದಿನ ಚಟುವಟಿಕೆಗಳ ತರಬೇತಿಯನ್ನು, ತಪ್ಪಿಗೆ ಅವಕಾಶ ಕೊಡದ ಕಲಿಕೆಯ ವಿಧಾನದಲ್ಲಿ, ಈ ಹಂತದಲ್ಲೇ ಆರಂಭಿಸಬಹುದೆಂದು ಪರಿಷ್ಕೃತ ಶಿಫಾರಸು ಹೇಳುತ್ತದೆ.

ಈ ಒಂದು ವಾಕ್ಯ ಜಾರಿಗೆ ಬರಬೇಕಾದರೆ ಕೇಂದ್ರದಲ್ಲಿ ಏನೇನು ಬದಲಾಗಬೇಕೆಂದು ಬರೆದು ನೋಡಿ. ದೈನಂದಿನ ಚಟುವಟಿಕೆಗಳ ತರಬೇತಿ ಕೊಡುವ ಆಕ್ಯುಪೇಷನಲ್ ಥೆರಪಿಸ್ಟ್ ಬೆಳಗಿನ ಹತ್ತು ಗಂಟೆಗೆ ಬಂದರೆ ಸ್ನಾನದ ಹೊತ್ತು ಮುಗಿದಿರುತ್ತದೆ, ಹಾಗಾಗಿ ಅವರ ಪಾಳಿ ಬೇಗ ಶುರುವಾಗಬೇಕು. ಥೆರಪಿಸ್ಟ್ ಇಲ್ಲದ ದಿನ ನರ್ಸ್ ಅದೇ ಕ್ರಮದಲ್ಲಿ ಸ್ನಾನ ಮಾಡಿಸಬೇಕಾದ್ದರಿಂದ ಹಂತಗಳನ್ನು ಬರೆದ ಹಾಳೆ ಸ್ನಾನದ ಮನೆಯ ಬಾಗಿಲಲ್ಲೇ ಇರಬೇಕು. ರೋಗಿ ಸಾಬೂನಿನ ಬದಲು ಟವೆಲ್ಲಿಗೆ ಕೈ ಹಾಕಿದರೆ, ತಪ್ಪು ಮಾಡಲು ಬಿಟ್ಟು ಆಮೇಲೆ ತಿದ್ದುವುದಲ್ಲ, ಕೈ ತಲುಪುವ ಮೊದಲೇ ಸಾಬೂನಿನ ಕಡೆಗೆ ನಡೆಸಬೇಕು ಎಂಬುದನ್ನು ಹೊಸದಾಗಿ ಸೇರಿದ ಸಹಾಯಕರಿಗೂ ಮಾಡಿ ತೋರಿಸಿರಬೇಕು. ‘ನಿನ್ನೆ ಯಾರು ಬಂದಿದ್ದರು, ನೆನಪಿದೆಯಾ?’ ಎಂದು ಮೇಲಿಂದ ಮೇಲೆ ಕೇಳುವ ಮನೆಯವರಿಗೆ, ಇದು ಪರೀಕ್ಷೆಯಾಗಿ ಪರಿಣಮಿಸಿ ರೋಗಿಯನ್ನು ಕೆರಳಿಸುತ್ತದೆ ಎಂದು ತಿಳಿಸಬೇಕು. ವಿಸ್ಮೃತಿ ಮುಗಿದದ್ದನ್ನು ನಿರ್ಧರಿಸುವ ಅಳತೆಯೂ ಎಲ್ಲರಿಗೂ ಒಂದೇ ಆಗಿರಬೇಕು. ವೆಸ್ಟ್‌ಮೀಡ್ ಮಾಪಕ ಬಳಸುವಲ್ಲಿ, ಸ್ಥಳ-ಕಾಲದ ಅರಿವಿನ 7 ಮತ್ತು ನೆನಪಿನ 5 ಪ್ರಶ್ನೆಗಳಿಗೆ ಸತತ 3 ದಿನ 12ಕ್ಕೆ 12 ಅಂಕ ಬರಬೇಕು. ಭಾನುವಾರ ಕೇಳುವವರಿಲ್ಲದೆ ಸರಣಿ ತುಂಡಾದರೆ ರೋಗಿಯ ಮುಂದಿನ ಹಂತವೇ ತಡವಾಗುತ್ತದೆ. ಮಾರ್ಗಸೂಚಿಯಲ್ಲಿ ಒಂದು ಸಾಲಾಗಿದ್ದದ್ದು ಪಾಳಿ, ಹಾಳೆ, ತರಬೇತಿ, ಮನೆಯವರ ಜೊತೆಗಿನ ಮಾತು ಎಲ್ಲವನ್ನೂ ಮುಟ್ಟುವುದು ಹೀಗೆ.

ಹೆಸರು ಬದಲಾದಾಗ ದಾಖಲಾತಿಯ ಮಾನದಂಡವನ್ನೂ ಓದಿ

ಕೆಲವು ಪರಿಷ್ಕರಣೆಗಳು ಬರೀ ಪರಿಭಾಷೆಗೆ ಸಂಬಂಧಿಸಿದವೆಂದು ತೋರುತ್ತವೆ, ಆದರೆ ಅವುಗಳ ಪರಿಣಾಮ ಸೇವೆ ಸಿಗುವುದರ ಮೇಲೆಯೇ ಆಗುತ್ತದೆ. ಪ್ರಜ್ಞಾಸ್ಥಿತಿಯ ತೊಂದರೆಗಳ ಬಗ್ಗೆ ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿ ಮತ್ತು ಜೊತೆಗಿನ ಸಂಸ್ಥೆಗಳು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ‘ಶಾಶ್ವತ’ ಸಸ್ಯಸದೃಶ ಸ್ಥಿತಿ (ಕಣ್ಣು ತೆರೆದಿದ್ದರೂ ಪ್ರಜ್ಞೆಯ ಕುರುಹು ಕಾಣದ ಸ್ಥಿತಿ) ಎಂಬ ಹೆಸರನ್ನು ಕೈಬಿಟ್ಟು ‘ದೀರ್ಘಕಾಲಿಕ’ ಎಂದು ಬಳಸಲು ಸೂಚಿಸಿತು. ಪೆಟ್ಟಿನಿಂದಾದ ಗಾಯದಲ್ಲಿ 12 ತಿಂಗಳು, ಇತರ ಕಾರಣಗಳಲ್ಲಿ 3 ತಿಂಗಳು ಕಳೆದ ನಂತರ ಈ ಹೆಸರು ಅನ್ವಯಿಸುತ್ತದೆ. ಆ ಅವಧಿಯ ಬಳಿಕವೂ ಕೆಲವರಲ್ಲಿ ಸುಧಾರಣೆ ಕಂಡುಬರುವುದೇ ಇದಕ್ಕೆ ಕಾರಣ. ನಿಮ್ಮ ಡಿಸ್ಚಾರ್ಜ್ ಸಾರಾಂಶದ ಮಾದರಿಯಲ್ಲಿ, ವಿಮಾ ಪತ್ರದಲ್ಲಿ, ಮನೆಯವರಿಗೆ ಕೊಡುವ ಕೈಪಿಡಿಯಲ್ಲಿ ಹಳೆಯ ಹೆಸರು ಉಳಿದಿದ್ದರೆ, ಮುಂದಿನ ಕೇಂದ್ರದವರು ಆ ಒಂದು ವಿಶೇಷಣವನ್ನು ನೋಡಿಯೇ ಅರ್ಜಿಯನ್ನು ಬದಿಗಿಡುವ ಸಂಭವವಿದೆ. ಅದೇ ಮಾರ್ಗಸೂಚಿ ಪ್ರಮಾಣಿತ ಅಳತೆಯಿಂದ ಮತ್ತೆ ಮತ್ತೆ ಪರೀಕ್ಷಿಸಬೇಕೆನ್ನುತ್ತದೆ. ಹಾಸಿಗೆಯ ಬಳಿ ನಿಂತು ಮಾಡುವ ಸಾಮಾನ್ಯ ವೀಕ್ಷಣೆಯಲ್ಲಿ ಪ್ರಜ್ಞೆಯ ಕುರುಹುಗಳು ಸುಮಾರು ಶೇಕಡಾ 40ರಷ್ಟು ಪ್ರಕರಣಗಳಲ್ಲಿ ತಪ್ಪಿಹೋಗುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಇಂತಹ ಪ್ರಮಾಣಿತ ಅಳತೆಯಾದ ಕೋಮಾ ರಿಕವರಿ ಸ್ಕೇಲ್‌ನ ಪರಿಷ್ಕೃತ ರೂಪದಲ್ಲಿ ತರಬೇತಾದ ಒಬ್ಬರಾದರೂ ಇರುವಂತೆ ನೋಡಿಕೊಳ್ಳುವುದು, ಹೆಸರು ತಿದ್ದುವುದಕ್ಕಿಂತ ಮುಖ್ಯವಾದ ಕೆಲಸ.

ತೀವ್ರತೆಯ ವಿಂಗಡಣೆಯೂ ಚಲನೆಯಲ್ಲಿದೆ. ಪ್ರಜ್ಞೆಯ ಮಟ್ಟಕ್ಕೆ ಅಂಕ ಕೊಡುವ ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ 13ರಿಂದ 15 ಸೌಮ್ಯ, 9ರಿಂದ 12 ಮಧ್ಯಮ, 3ರಿಂದ 8 ತೀವ್ರ ಎಂಬ ವಾಡಿಕೆಯ ಬದಲು, ಕ್ಲಿನಿಕಲ್ ಲಕ್ಷಣ, ರಕ್ತದ ಸೂಚಕ, ಸ್ಕ್ಯಾನ್ ಮತ್ತು ಫಲಿತಾಂಶವನ್ನು ಪ್ರಭಾವಿಸುವ ಇತರ ಅಂಶಗಳನ್ನು ಒಟ್ಟಿಗೆ ನೋಡುವ ಚೌಕಟ್ಟೊಂದು 2025ರಲ್ಲಿ ಪ್ರಕಟವಾಗಿದೆ. ಅದು ಮುಖ್ಯವಾಗಿ ಗಾಯದ ಆರಂಭದ ದಿನಗಳಿಗೆ ಸಂಬಂಧಿಸಿದ್ದು, ಪುನಶ್ಚೇತನ ಕೇಂದ್ರಗಳು ತರಾತುರಿಯಲ್ಲಿ ನಮೂನೆ ಬದಲಿಸಬೇಕಾಗಿಲ್ಲ. ಆದರೆ ‘ಸೌಮ್ಯ’ ಎಂಬ ಒಂದೇ ಕಾರಣಕ್ಕೆ ರೋಗಿಯನ್ನು ಹೊರಗಿಡುವ ಷರತ್ತು ನಿಮ್ಮ ದಾಖಲಾತಿ ನಿಯಮದಲ್ಲಿದ್ದರೆ, ಅದನ್ನು ಮರುಪರಿಶೀಲಿಸಲು ಇದು ಸರಿಯಾದ ಸಮಯ.

ಅಳತೆಗೋಲು ಬದಲಾದರೆ

ಫಲಿತಾಂಶ ಅಳೆಯುವ ಸಾಧನ ಬದಲಾದಾಗ ಆಗುವ ನಷ್ಟ ಕೂಡಲೇ ಕಾಣುವುದಿಲ್ಲ. ರೋಗಿ ದೈನಂದಿನ ಕೆಲಸಗಳಲ್ಲಿ ಎಷ್ಟು ಸ್ವಾವಲಂಬಿ ಎಂದು ಅಳೆಯಲು 18 ಅಂಶಗಳಿಗೆ 1ರಿಂದ 7 ಅಂಕ ಕೊಡುವ ‘ಫಿಮ್’ ಮಾಪಕವನ್ನು ಮೆಡಿಕೇರ್ 2019ರ ಅಕ್ಟೋಬರ್ 1ರಿಂದ ತನ್ನ ಕಡ್ಡಾಯ ನಮೂನೆಯಿಂದ ತೆಗೆದು, ಸ್ವಂತ ಆರೈಕೆ ಮತ್ತು ಚಲನೆಯನ್ನು 6 ಹಂತಗಳಲ್ಲಿ ಅಳೆಯುವ ಅಂಶಗಳನ್ನು ಮುಂದಿಟ್ಟಿತು. ಹಳೆಯ ಅಂಕಗಳನ್ನೂ ಹೊಸ ಅಂಕಗಳನ್ನೂ ಒಂದೇ ಗ್ರಾಫಿನಲ್ಲಿ ಜೋಡಿಸಲಾಗದು. ಇಂತಹ ಬದಲಾವಣೆ ಎದುರಾದಾಗ ಜಾರಿಯ ದಿನಾಂಕಕ್ಕೆ ಕೆಲವು ತಿಂಗಳು ಮೊದಲೇ ಎರಡೂ ಅಳತೆಗಳನ್ನು ಜೊತೆಯಲ್ಲಿ ದಾಖಲಿಸಲು ಆರಂಭಿಸಬೇಕು, ವಾರ್ಷಿಕ ವರದಿಯಲ್ಲಿ ಎಲ್ಲಿ ಅಳತೆ ಬದಲಾಯಿತೆಂದು ಸ್ಪಷ್ಟವಾಗಿ ಗೆರೆ ಎಳೆಯಬೇಕು. ಫಿಮ್‌ನ 18ರಲ್ಲಿ 5 ಅಂಶಗಳು ಅರಿವಿಗೆ, ಸಂವಹನಕ್ಕೆ ಸಂಬಂಧಿಸಿದ್ದವು ಎಂಬುದನ್ನೂ ಗಮನಿಸಬೇಕು. ಹಣ ಪಾವತಿಸುವವರು ಕೇಳದಿದ್ದರೂ ಮಿದುಳು ಪುನಶ್ಚೇತನ ಕೇಂದ್ರವು ಅರಿವು, ನಡವಳಿಕೆ ಮತ್ತು ಸಮಾಜದಲ್ಲಿ ಭಾಗವಹಿಸುವಿಕೆಯ ಅಳತೆಯೊಂದನ್ನು ತನ್ನದಾಗಿ ಉಳಿಸಿಕೊಳ್ಳಬೇಕು ಎಂಬುದು ಈ ಲೇಖಕನ ಅಭಿಪ್ರಾಯ. ಚೆನ್ನಾಗಿ ನಡೆದಾಡುತ್ತಾ ಒಲೆ ಆರಿಸಲು ಮರೆಯುವ ವ್ಯಕ್ತಿಯ ಅಗತ್ಯ, ಚಲನೆಯ ಅಂಕದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ.

ಈಗಾಗಲೇ ಚಿಕಿತ್ಸೆಯಲ್ಲಿರುವವರು

ಹೊಸ ನಿಯಮವನ್ನು ಹೊಸ ದಾಖಲಾತಿಗಳಿಗೆ ಅನ್ವಯಿಸುವುದು ಸುಲಭ. ಕಷ್ಟವೆಲ್ಲ ನಡುವಿನಲ್ಲಿರುವವರದು. ಜಾರಿಯ ದಿನಾಂಕ ಗೊತ್ತಾದ ದಿನವೇ ಆಗ ಚಿಕಿತ್ಸೆಯಲ್ಲಿರುವ ಎಲ್ಲರ ಪಟ್ಟಿ ಮಾಡಿ, ಪ್ರತಿಯೊಬ್ಬರ ಹೆಸರಿನ ಮುಂದೆ ಹಳೆಯ ಷರತ್ತು ಮುಂದುವರಿಯುತ್ತದೆಯೇ, ಬದಲಾಗುತ್ತದೆಯೇ, ನಿಯಮ ಮೌನವಾಗಿದೆಯೇ ಎಂದು ಬರೆಯಬೇಕು. ಮೌನವಾಗಿರುವಲ್ಲಿ ಪಾವತಿದಾರರಿಂದ ಲಿಖಿತ ಸ್ಪಷ್ಟನೆ ಕೇಳಬೇಕು. ಫೋನಿನಲ್ಲಿ ದೊರೆತ ಭರವಸೆ ಬಿಲ್ಲಿನ ವೇಳೆಗೆ ಯಾರಿಗೂ ನೆನಪಿರುವುದಿಲ್ಲ.

ರೋಗಿಗೆ ತಿಳಿಸುವ ಬಗೆಯಲ್ಲಿ ಈ ಕ್ಷೇತ್ರಕ್ಕೆ ಅದರದೇ ಆದ ಶಿಸ್ತು ಬೇಕು. ನೆನಪು, ಗಮನ, ಯೋಜನಾ ಶಕ್ತಿ ಕುಂದಿದವರಿಗೆ ನಾಲ್ಕು ಪುಟಗಳ ಸೂಚನಾ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡರೆ ಅದು ತಿಳಿಸಿದಂತಾಗುವುದಿಲ್ಲ. ಒಂದು ಹಾಳೆಯಲ್ಲಿ ಒಂದೇ ಬದಲಾವಣೆಯನ್ನು ದಪ್ಪ ಅಕ್ಷರಗಳಲ್ಲಿ, ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ. ದಣಿವು ಕಡಿಮೆಯಿರುವ ಹೊತ್ತಿನಲ್ಲಿ, ಪರಿಚಿತ ಸಿಬ್ಬಂದಿಯೊಬ್ಬರೇ ಅದನ್ನು ಹೇಳಲಿ. ಮಾರನೆಯ ದಿನ, ಮತ್ತೆರಡು ದಿನ ಬಿಟ್ಟು, ಅವರೇ ಮತ್ತೆ ಹೇಳಲಿ. ರೋಗಿ ನೆನಪಿನ ಪುಸ್ತಕ ಅಥವಾ ಮೊಬೈಲಿನ ಕ್ಯಾಲೆಂಡರ್ ಬಳಸುತ್ತಿದ್ದರೆ ಅದರಲ್ಲಿ ಅವರ ಕೈಯಿಂದಲೇ ದಾಖಲಿಸಿ. ಅರ್ಥವಾಯಿತೇ ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ, ಆದ್ದರಿಂದ ಏನು ಬದಲಾಗುತ್ತದೆಂದು ಅವರ ಮಾತಿನಲ್ಲೇ ಹೇಳಿಸಿ ನೋಡಿ. ನಿರ್ಧಾರ ಕೈಗೊಳ್ಳುವ ಸಾಮರ್ಥ್ಯವು ವಿಷಯದಿಂದ ವಿಷಯಕ್ಕೆ ಬೇರೆಯಾಗುತ್ತದೆ. ಹಣಕಾಸಿನ ಲೆಕ್ಕ ತಿಳಿಯದವರು ಚಿಕಿತ್ಸೆಯ ಸಮಯವನ್ನು ತಾವೇ ಆಯ್ದುಕೊಳ್ಳಬಲ್ಲರು. 2006ರ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆ ನಿರ್ಧಾರಕ್ಕೆ ಬೆಂಬಲ ಒದಗಿಸಬೇಕೆಂದು ಹೇಳುವುದರಿಂದ, ಮನೆಯವರ ಸಹಿ ಸಿಕ್ಕಿತೆಂದು ರೋಗಿಯನ್ನು ಮಾತಿನಿಂದ ಹೊರಗಿಡುವಂತಿಲ್ಲ.

ಸಿಬ್ಬಂದಿಗೆ ತಲುಪಿಸುವುದು, ಹಳೆಯದನ್ನು ತೆಗೆಯುವುದು

ಸಿಬ್ಬಂದಿಗೆ ಮೂಲ ದಾಖಲೆಯ ಬದಲು ಒಂದು ಪುಟದ ಟಿಪ್ಪಣಿ ಸಾಕು: ಇಂಥ ದಿನದಿಂದ ಇದನ್ನು ನಿಲ್ಲಿಸಿ, ಇದನ್ನು ಆರಂಭಿಸಿ, ಇದು ಹಾಗೆಯೇ ಇರಲಿ, ಅನುಮಾನವಿದ್ದರೆ ಇವರನ್ನು ಕೇಳಿ. ವಾರದ ತಂಡದ ಸಭೆಯಲ್ಲಿ ಹತ್ತು ನಿಮಿಷ ವಿವರಿಸಿದರೆ ಹಗಲಿನವರಿಗೆ ತಲುಪುತ್ತದೆ. ರಾತ್ರಿ ಪಾಳಿಯವರನ್ನೂ ತಾತ್ಕಾಲಿಕ ಸಿಬ್ಬಂದಿಯನ್ನೂ ಹುಡುಕಿಕೊಂಡು ಹೋಗಿಯೇ ಹೇಳಬೇಕಾಗುತ್ತದೆ.

ಹಳೆಯ ಕಾಗದಗಳು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಮೇಜಿನ ಖಾನೆಯಲ್ಲಿ ಜೆರಾಕ್ಸ್ ಪ್ರತಿಗಳು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಳೆಯ ಪಿಡಿಎಫ್‌ಗಳು ಉಳಿದಿರುತ್ತವೆ. ಕ್ರೀಡೆಯಲ್ಲಿ ತಲೆಗೆ ಪೆಟ್ಟಾದವರು ಲಕ್ಷಣಗಳು ಪೂರ್ತಿ ಹೋಗುವವರೆಗೆ ಕತ್ತಲೆ ಕೋಣೆಯಲ್ಲಿ ವಿಶ್ರಮಿಸಬೇಕೆಂಬ ಕರಪತ್ರ ಎಲ್ಲಾದರೂ ಉಳಿದಿದೆಯೇ ನೋಡಿ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮಾವೇಶದ ಒಮ್ಮತದ ಹೇಳಿಕೆಯ ಪ್ರಕಾರ ಮೊದಲ 24ರಿಂದ 48 ಗಂಟೆ ಸಾಪೇಕ್ಷ ವಿಶ್ರಾಂತಿ (ಪೂರ್ತಿ ಮಲಗಿರದೆ, ಚಟುವಟಿಕೆ ತಗ್ಗಿಸುವುದು) ಸಾಕು, ನಂತರ ಹಗುರವಾದ ಚಟುವಟಿಕೆಯನ್ನು ಹಂತಹಂತವಾಗಿ ಹೆಚ್ಚಿಸಬೇಕು. ಪ್ರತಿ ನಮೂನೆಯ, ಕರಪತ್ರದ ಅಡಿಯಲ್ಲಿ ಆವೃತ್ತಿಯ ಸಂಖ್ಯೆಯನ್ನೂ ದಿನಾಂಕವನ್ನೂ ಅಚ್ಚು ಹಾಕಿದರೆ ಇಂತಹ ಹುಡುಕಾಟ ಅರ್ಧಕ್ಕಿಳಿಯುತ್ತದೆ. ಸೇವೆಯ ಸಮಯ, ಹಾಸಿಗೆಗಳ ಸಂಖ್ಯೆ, ದೂರಚಿಕಿತ್ಸೆಯಂತಹ ಬದಲಾವಣೆಗಳಾದರೆ ರೋಗಿಗಳನ್ನು ಕಳುಹಿಸುವ ಆಸ್ಪತ್ರೆಗಳಿಗೂ ಡಿಸ್ಚಾರ್ಜ್ ನಂತರ ನೋಡುವ ವೈದ್ಯರಿಗೂ ಅದೇ ವಾರ ತಿಳಿಸಬೇಕು.

ಒಂದು ತಿಂಗಳ ನಂತರ

ಜಾರಿಯಾಗಿದೆಯೇ ಎಂದು ತಿಳಿಯಲು ಸಹಿಗಳ ಪಟ್ಟಿ ನೋಡಬೇಡಿ, ಇತ್ತೀಚಿನ ಹತ್ತು ರೋಗಿಗಳ ಕಡತಗಳನ್ನು ತೆರೆಯಿರಿ. ಚಿಕಿತ್ಸೆಯ ನಿಮಿಷಗಳಿಗೆ ಸಂಬಂಧಿಸಿದ ನಿಯಮವಾದರೆ ನಿಗದಿಪಡಿಸಿದ್ದನ್ನೂ ನಿಜವಾಗಿ ನಡೆದದ್ದನ್ನೂ ಹೋಲಿಸಿ. ಮೆಡಿಕೇರ್‌ನ ಅಳತೆ ದಿನಕ್ಕೆ 3 ಗಂಟೆಯಂತೆ ವಾರಕ್ಕೆ ಕನಿಷ್ಠ 5 ದಿನ, ಅಥವಾ ಕಾರಣ ದಾಖಲಿಸಿದಲ್ಲಿ 7 ದಿನಗಳಲ್ಲಿ 15 ಗಂಟೆ. ದಣಿವಿನಿಂದ ರೋಗಿ ನಡುವೆ ನಿಲ್ಲಿಸಿದ ಅವಧಿಗಳ ಕಾರಣ ಬರೆಯದಿದ್ದರೆ ಲೆಕ್ಕದಲ್ಲಿ ಅದು ಕೇಂದ್ರದ ಲೋಪವಾಗಿ ಕಾಣುತ್ತದೆ, ಬರೆದಿದ್ದರೆ ಅದೇ ಪುರಾವೆಯಾಗುತ್ತದೆ. ಲೆಕ್ಕ ತುಂಬಿಸಲು ದಣಿದವರನ್ನು ಎಬ್ಬಿಸಿ ಕೂರಿಸುತ್ತಿದ್ದಾರೆಂದು ಕಂಡುಬಂದರೆ, ವೇಳಾಪಟ್ಟಿಯನ್ನು ಚಿಕ್ಕ ತುಂಡುಗಳಾಗಿ ಒಡೆಯಬೇಕು.

ಹೀಗೆ ಹೊರಬಂದ ತೊಡಕುಗಳನ್ನು, ಗುರುತು ಸಿಗದಂತೆ ವಿವರ ತೆಗೆದು, ಪ್ರತ್ಯೇಕ ಕಡತದಲ್ಲಿ ಕೂಡಿಡಿ. ನಿಯಮದ ಕರಡು ಮುಂದಿನ ಬಾರಿ ಅಭಿಪ್ರಾಯಕ್ಕೆ ಬಂದಾಗ, ‘ಸೇವೆಗೆ ತೊಂದರೆಯಾಗುತ್ತಿದೆ’ ಎಂಬ ಸಾಮಾನ್ಯ ಆಕ್ಷೇಪದ ಬದಲು ಯಾವ ವಾಕ್ಯದಿಂದ ಯಾವ ಹಂತದ ರೋಗಿಗೆ ಎಷ್ಟು ದಿನ ವಿಳಂಬವಾಯಿತು ಎಂಬುದನ್ನು ಬರೆದು, ಆ ವಾಕ್ಯಕ್ಕೆ ಬದಲಿ ಒಕ್ಕಣೆಯನ್ನೂ ಸೇರಿಸಿ, ಕೊನೆಯ ದಿನಾಂಕಕ್ಕೆ ಮೊದಲು ಕಳುಹಿಸಿ.