ಕಪ್ಪತಗುಡ್ಡಕ್ಕೆ ಬೆಂಕಿ ಬೀಳದಂತೆ ಕುರಿಗಾಹಿಗಳನ್ನೇ ಆರಿಸಿಕೊಂಡೆವು

ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತಲಿನ ಹಳ್ಳಿಗಳಲ್ಲಿ ಕಾಳ್ಗಿಚ್ಚಿನ ಬಗ್ಗೆ ತಿಳಿಹೇಳುವವರನ್ನು ಆರಿಸಿ ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕೈಯಲ್ಲಿದ್ದದ್ದು ಸರ್ಕಾರದ ಸಣ್ಣ ಮೊತ್ತ. ಕಾಳ್ಗಿಚ್ಚು ತಡೆಗೆಂದೇ ಕೇಂದ್ರದ ಯೋಜನೆಯೊಂದಿದೆ. ನಮ್ಮಂಥ ರಾಜ್ಯಗಳಲ್ಲಿ ಖರ್ಚಿನ ಶೇ 60 ಕೇಂದ್ರದ್ದು, ಶೇ 40 ರಾಜ್ಯದ್ದು. ಬೆಂಕಿರೇಖೆ (ಬೆಂಕಿ ದಾಟದಂತೆ ಹುಲ್ಲು ಸವರಿದ ಪಟ್ಟಿ), ಕಾವಲುಗಾರರ ಕೂಲಿಯ ಜೊತೆಗೆ ಜನಜಾಗೃತಿಗೂ ಅದರಲ್ಲಿ ಅವಕಾಶವಿದೆ. ಜಾಗೃತಿಯ ದುಡ್ಡು ಬ್ಯಾನರ್, ಕರಪತ್ರ, ಜಾಥಾಗಳಲ್ಲಿ ಕರಗಿಹೋಗುವುದನ್ನು ಕಂಡಿದ್ದೆ. ಈ ಸಲ ಅದು ಮನುಷ್ಯರ ಕೈಗೇ ಸೇರಬೇಕೆಂದು ಹಟ ಹಿಡಿದೆ.

ಡಿಗ್ರಿ ಮುಗಿಸಿದ ಹುಡುಗರು ಅರ್ಜಿ ಹಾಕಿದ್ದರು, ಚೆನ್ನಾಗಿಯೂ ಮಾತಾಡುತ್ತಿದ್ದರು. ಆದರೆ ನಮ್ಮ ಗುಡ್ಡಕ್ಕೆ ಬೆಂಕಿ ಹತ್ತುವುದು ಎಸೆದ ಬೀಡಿ ತುಂಡಿನಿಂದ, ಹೊಲದ ಬದುವಿಗೆ ಹಚ್ಚಿದ ಕಿಚ್ಚಿನಿಂದ, ಸುಟ್ಟರೆ ಹೊಸ ಹುಲ್ಲು ಬರುತ್ತದೆಂಬ ನಂಬಿಕೆಯಿಂದ. ಇದೆಲ್ಲ ನಡೆಯುವ ಜಾಗದಲ್ಲಿ ದಿನವೂ ಓಡಾಡುವವರೇ ಬೇಕಿತ್ತು. ಕುರಿಗಾಹಿಗಳನ್ನು ಕೇಳಿದೆವು, ಕಟ್ಟಿಗೆಗೆ ಹೋಗುವ ಹೆಣ್ಣುಮಕ್ಕಳನ್ನು ಕೇಳಿದೆವು, ತಾಂಡಾಗಳಿಗೆ ಲಂಬಾಣಿ ಮಾತಾಡುವವರನ್ನೇ ಆರಿಸಿದೆವು. ಓದು ಎಷ್ಟಾಗಿದೆ ಎಂಬ ಕಾಲಂ ಖಾಲಿ ಬಿಟ್ಟರೂ ನಡೆಯುತ್ತಿತ್ತು.

ಡೋಣಿ ಕಡೆಯ ಕುರಿಹಟ್ಟಿಯೊಂದರಲ್ಲಿ ಹಿರಿಯರೊಬ್ಬರು ನೇರವಾಗಿಯೇ ಕೇಳಿದರು: "ನಮ್ಮ ಮುತ್ಯಾನ ಕಾಲದಿಂದ ಸುಡತೇವಿ. ಸುಟ್ಟ ಮ್ಯಾಲ ಚಿಗುರು ಬರೂದು ಖರೇ ಹೌದಲ್ಲೋ?"

ಖರೇನೇ. ಅದನ್ನು ಅಲ್ಲಗಳೆದಿದ್ದರೆ ಎದ್ದು ಬರಬೇಕಾಗುತ್ತಿತ್ತು. ನಾವು ಆರಿಸಿದ್ದ ಕುರಿಗಾಹಿ ಹುಡುಗ ಹೇಳಿದ: "ಬರತೈತಿ ಯಜ್ಜಾ, ಆದ್ರ ಮಳಿ ಬಿದ್ದ ಮ್ಯಾಲ. ಫೆಬ್ರುವರಿಯೊಳಗ ಸುಟ್ಟರ ಅಡ್ಡಮಳಿ ಬರೂತನಕ ಕುರಿಗೋಳಿಗೆ ಏನ್ ಹಾಕ್ತಿ?"

ಅಜ್ಜ ಸುಟ್ಟ ಹುಲ್ಲಿನ ಬುಡವೊಂದನ್ನು ಕಿತ್ತು ಅಂಗೈಯಲ್ಲಿ ತಿಕ್ಕಿದರು. ಬರೀ ಕರಿ. "ಒಣಾ ಹುಲ್ಲರ ಹೊಟ್ಟಿಗೆ ಆಗತಿತ್ತು" ಎಂದರು. ವನ್ಯಜೀವಿಧಾಮದಲ್ಲಿ ಬೆಂಕಿ ಹಚ್ಚುವುದು 1972ರ ಕಾಯ್ದೆ ಪ್ರಕಾರ ಅಪರಾಧ, ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಇದನ್ನೂ ಹೇಳಿದೆವು, ಆದರೆ ಆಮೇಲೆ.

ತರಬೇತಿ ಬಹುತೇಕ ಗುಡ್ಡದ ಮೇಲೆಯೇ ನಡೆಯಿತು. ಗಾಳಿಯಂತ್ರಗಳನ್ನು ನಿಲ್ಲಿಸಿದ ಗುಡ್ಡವಿದು, ಗಾಳಿಯ ಜೋರು ಬಿಡಿಸಿ ಹೇಳಬೇಕಿಲ್ಲ. ಏರಿನಲ್ಲಿ ಜ್ವಾಲೆ ತನ್ನ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವುದರಿಂದ ಬೆಂಕಿ ಇಳಿಜಾರಿಗಿಂತ ಏರಿನಲ್ಲಿ ಬೇಗ ಓಡುತ್ತದೆ. ಹಾಗಾಗಿ ಕಲಿಸಿದ ಮೊದಲ ಪಾಠ: ಬೆಂಕಿಯ ಮೇಲ್ಬದಿಗೆ ನಿಲ್ಲಬೇಡಿ, ಒಬ್ಬರೇ ನಂದಿಸಲು ಹೋಗಬೇಡಿ, ಮೊದಲು ಗಾರ್ಡ್‌ಗೆ ಫೋನ್ ಹಚ್ಚಿ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಮೂಲಕ ಬೆಂಕಿಯ ಸುಳಿವು ಕೊಡುತ್ತದೆ, ಬಹಳ ಉಪಯೋಗದ್ದು. ಆದರೆ ಉಪಗ್ರಹ ದಿನವಿಡೀ ನಮ್ಮ ತಲೆಯ ಮೇಲೇ ಇರುವುದಿಲ್ಲ. ಕುರಿ ಮೇಯಿಸುವವನಿಗೆ ಹೊಗೆ ಎದ್ದ ಗಳಿಗೆಯಲ್ಲೇ ಕಾಣುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ದುಡ್ಡಿನ ವೇಳೆ. ಹುಲ್ಲು ಒಣಗುವುದು ಜನವರಿಗೆ, ಅನುದಾನ ಕೈಗೆ ಸಿಗುವುದು ಹಣಕಾಸು ವರ್ಷ ಮುಗಿಯುವ ಹೊತ್ತಿಗೆ. ಅಷ್ಟರಲ್ಲಿ ಗುಡ್ಡದ ಒಂದು ಮಗ್ಗುಲು ಕರಿಯಾಗಿರುತ್ತದೆ. ಒಂದು ದಿನ ಕುರಿ ಬಿಟ್ಟು ಬಂದವನಿಗೆ ಆ ದಿನದ ಕೂಲಿ ಆ ತಿಂಗಳೇ ಸಿಗದಿದ್ದರೆ ಎರಡನೇ ಸಲ ಅವನು ಯಾಕೆ ಬರಬೇಕು?

ಮುಂದಿನ ಹಂಗಾಮಿಗೆ ಪ್ರಸ್ತಾವ ಬರೆದು ಕೊಟ್ಟಿದ್ದೇನೆ: ದೀಪಾವಳಿ ಹೊತ್ತಿಗೆ ಆಯ್ಕೆ, ಡಿಸೆಂಬರಿನಲ್ಲಿ ತರಬೇತಿ, ಮೇ ತನಕ ಪ್ರತಿ ತಿಂಗಳು ಗೌರವಧನ ನೇರ ಬ್ಯಾಂಕ್ ಖಾತೆಗೆ. ಬ್ಯಾನರ್ ಖರ್ಚಿನ ಸಾಲನ್ನು ಹೊಡೆದುಹಾಕಿ ಆ ಮೊತ್ತವನ್ನೂ ಗೌರವಧನಕ್ಕೇ ಸೇರಿಸಿದ್ದೇನೆ.